ನಾಕನೇ ನಂಬರ್ ತಂಬಾಕು

ಹಲ್ಲಿನ ಡಾಕ್ಟರು ಮಂಜರಿ, ಜಯತೀರ್ಥರಾಯರ ನಾಲಿಗೆಯ ತುದಿಯನ್ನು ಹತ್ತಿಬಟ್ಟೆಯಲ್ಲಿ ಹಿಡಿದು ಒಂದು ಬದಿಗೆ ಎಳೆದರು. ಬೆಳಕು ಬಿಟ್ಟು ನೋಡಿದರು. ನೋಡುತ್ತಲೇ ಇದ್ದರು. ರಾಯರು ಬಂದದ್ದು ದವಡೆಯ ಹಲ್ಲೊಂದು ಅಲುಗಾಡುತ್ತದೆಂದು. ಆ ಹಲ್ಲಿನ ಕಡೆ ಆಕೆ ಕಣ್ಣೆತ್ತಿಯೂ ನೋಡಲಿಲ್ಲ.

"ನಾಲಿಗಿ ಬದಿಗೆ ಬಿಳೀ ಕಲೆ ಅದರಿ. ಎಷ್ಟ ದಿನದಿಂದ ಅದ ಇದು?"

ರಾಯರಿಗೆ ಗೊತ್ತಿರಲಿಲ್ಲ. ಅರವತ್ತೆಂಟು ವರ್ಷದ ಮನುಷ್ಯ ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ನೋಡಿಕೊಳ್ಳುತ್ತಾನೆಯೇ?

"ತಂಬಾಕು?"

"ಪೈಪ್ ಸೇದ್ತೀನಿ. ದಿನಕ್ಕ ಮೂರು ಸಲ. ನಲವತ್ತು ವರ್ಷ ಆತು."

ಆಕೆ ತಲೆಯಾಡಿಸಿ ಸೂಜಿ ಚುಚ್ಚಿ ನಾಲಿಗೆಗೆ ಜೋಮು ಹಿಡಿಸಿದರು. ಅಕ್ಕಿಕಾಳಿನಷ್ಟು ತುಣುಕು ಕತ್ತರಿಸಿ ಸಣ್ಣ ಸೀಸೆಯಲ್ಲಿ ಹಾಕಿದರು. ಅದು ವಿಜಯಪುರಕ್ಕೆ ಹೋಗಬೇಕು, ಅಲ್ಲಿ ನೋಡಿ ವರದಿ ಕಳಿಸಬೇಕು, ಎಂಟು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಏನೂ ಹೇಳಲಾಗದು ಎಂದರು. ರಾಯರು ಬಾಗಿಲ ತನಕ ಹೋಗಿದ್ದಾಗ ಮತ್ತೆ ಕರೆದರು.

"ನಿಮ್ಮ ಜೋಡಿ ಸೇದೋರು ಯಾರರ ಇದ್ರ ಅವರಿಗೂ ಬಾಯಿ ತೋರಿಸ್ಕೊಳ್ಳಿಕ್ಕೆ ಹೇಳ್ರಿ. ಮಾತು ತೊದಲೋದು, ಮೂರು ವಾರ ಆದ್ರೂ ಮಾಯದ ಹುಣ್ಣು, ಇಂಥಾವೇನರ ಇದ್ರ ತಡಾ ಮಾಡಬಾರದು."

ಬಸವನ ಬಾಗೇವಾಡಿಯ ಬಜಾರದೊಳಗಿನಿಂದ ಮನೆಗೆ ನಡೆದು ಬರುವಾಗ ರಾಯರ ಅರ್ಧ ನಾಲಿಗೆಗೆ ಜೀವವಿರಲಿಲ್ಲ. ಎದುರು ಸಿಕ್ಕವರ ನಮಸ್ಕಾರಕ್ಕೆ ಕೈಯೆತ್ತಿದರೇ ಹೊರತು ಮಾತಾಡಲಿಲ್ಲ. ಮನೆಯಲ್ಲಿ ಹೆಂಡತಿ ಇಂದೂಬಾಯಿ ಕೇಳಿದಾಗ, "ಹಲ್ಲು ಅಲಗ್ಯಾಡ್ತದ. ಔಷಧ ಕೊಟ್ಟಾರ" ಎಂದಷ್ಟೇ ಹೇಳಿದರು. ಆಕೆ ಅನ್ನವನ್ನು ಮೆತ್ತಗೆ ಬೇಯಿಸಿ, ಸಾರಿಗೆ ಖಾರ ಹಾಕದೆ ಬಡಿಸಿದಳು.

ಆದರೆ ಡಾಕ್ಟರ ಕೊನೆಯ ಮಾತು ರಾಯರ ಕಿವಿಯಲ್ಲಿ ಕೂತುಬಿಟ್ಟಿತ್ತು. ಜೋಡಿ ಸೇದುವವನು ಒಬ್ಬನೇ ಇದ್ದ. ಸಿದ್ರಾಮ.

ಆಲಮಟ್ಟಿ ಯೋಜನೆಯ ಕಾಲುವೆಗಳಿಗೆ ಗೆರೆ ಹಾಕುವ ಕಾಲದಲ್ಲಿ ರಾಯರು ಸರ್ವೇಯರ್. ಸಿದ್ರಾಮ ಅವರ ಮುಂದೆ ಅಳತೆಯ ಉದ್ದ ಕೋಲು ಹಿಡಿದು ನಿಲ್ಲುವವನು. ಮುದ್ದೇಬಿಹಾಳದ ಕಡೆಯ ಎರೆಹೊಲಗಳಲ್ಲಿ ಇಬ್ಬರೂ ಬಿಸಿಲಿಗೆ ಬೆಂದು ಕಪ್ಪಾದವರು. ಮಧ್ಯಾಹ್ನ ಬೇವಿನ ಮರ ಸಿಕ್ಕರೆ ಸಾಕು, ಕೆಲಸ ನಿಲ್ಲುತ್ತಿತ್ತು. ಪುಣೆಗೆ ಮರಳಿದ ಎಂಜಿನಿಯರರೊಬ್ಬರು ಬಿಟ್ಟುಕೊಟ್ಟ ಕಟ್ಟಿಗೆಯ ಪೈಪು ರಾಯರದು. ಸಿದ್ರಾಮನದು ಕುಂಬಾರನ ಮಣ್ಣಿನ ಚಿಲುಮೆ. ತಂಬಾಕು ಮಾತ್ರ ಒಂದೇ ಡಬ್ಬಿಯದು.

ಆ ತಂಬಾಕು ಸಿಂದಗಿಯದು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಈಗಿನ ಅಂಗಡಿಕಾರ ನಿಯಾಜನ ಅಜ್ಜ ಹಾಕಿದ ಅಂಗಡಿಯದು. ನಿಪ್ಪಾಣಿಯ ಎಲೆ, ಅದಕ್ಕೆ ಬೆಲ್ಲದ ಕಾಕಂಬಿ, ಚಿಟಿಕೆ ಲವಂಗದ ಪುಡಿ. ಹಳದಿ ಕಾಗದದ ಪುಡಿಕೆಯ ಮೇಲೆ ನಾಲ್ಕು ಎಂಬ ಅಂಕಿ, ಬೇರೆ ಹೆಸರಿಲ್ಲ. ಬಂಡಿ ಹೊಡೆಯುವವರೂ ಹಮಾಲರೂ ಕೊಳ್ಳುವ ಅಗ್ಗದ ಮಾಲು. ಆದರೆ ಪೈಪಿಗೆ ಸಡಿಲವಾಗಿ ತುಂಬಿ, ಕಡ್ಡಿ ಗೀರಿ, ಮೇಲಿನ ಎಳೆಗಳು ಉಬ್ಬಿ ಎದ್ದಾಗ ಸರ್ವೆಯ ಮೊಳೆಯ ತಲೆಯಿಂದ ಮೆಲ್ಲಗೆ ಒತ್ತಿ, ಎರಡನೆಯ ಸಲ ಕಡ್ಡಿ ಗೀರಿದರೆ ಸಾಕು, ಗಾಣದ ಕೊಪ್ಪರಿಗೆಯ ಪಕ್ಕದಲ್ಲಿ ಕೂತಂಥ ಪರಿಮಳ. ಅವಸರ ಮಾಡಿದರೆ ನಾಲಿಗೆ ಸುಡುತ್ತಿತ್ತು, ಮರೆತು ಕೂತರೆ ಆರುತ್ತಿತ್ತು. ಮುಂಬೈಯಿಂದ ಯಾರೋ ತಂದುಕೊಟ್ಟ ಪರದೇಶದ ಡಬ್ಬಿಯನ್ನು ರಾಯರು ಎರಡು ದಿನ ಸೇದಿ ಮೂಲೆಗಿಟ್ಟಿದ್ದರು.

ಸಿದ್ರಾಮನಿಗೆ ಈ ತಂಬಾಕಿನ ರುಚಿ ಹಚ್ಚಿದವರು ರಾಯರೇ. ಅದಕ್ಕೂ ಮೊದಲು ಅವನು ಬೀಡಿಯನ್ನೂ ಮುಟ್ಟಿದವನಲ್ಲ. "ತಗೋ, ಸೇದಿ ನೋಡು. ದಣಿವು ಹೋಗ್ತದ" ಎಂದು ಡಬ್ಬಿ ಮುಂದೆ ಹಿಡಿದ ದಿನ ರಾಯರಿಗೆ ಇವತ್ತಿಗೂ ನೆನಪಿತ್ತು. ನಿವೃತ್ತಿಯಾಗುವಾಗ ರಾಯರು ನಿಯಾಜನಿಗೆ ಹೇಳಿಟ್ಟರು: ತಿಂಗಳಿಗೆ ಎರಡು ಪುಡಿಕೆ, ಒಂದು ತನಗೆ ಬಾಗೇವಾಡಿಯ ಬಸ್ಸಿನಲ್ಲಿ, ಇನ್ನೊಂದು ಸಿದ್ರಾಮ ಸಂತೆಗೆ ಬಂದಾಗ ಅವನ ಕೈಗೆ. ಪುಡಿಕೆ ಸಿಕ್ಕ ದಿನ ಸಿದ್ರಾಮ ಫೋನು ಮಾಡುತ್ತಿದ್ದ. "ಸಾಹೇಬ್ರ, ಮಾಲು ಮುಟ್ಟಿತ್ರಿ." ಹತ್ತು ವರ್ಷ ಹೀಗೇ ನಡೆದಿತ್ತು.

ಕೊನೆಯ ಫೋನು ಬಂದದ್ದು ಎರಡು ತಿಂಗಳ ಹಿಂದೆ. ಆಗ ಅವನ ಮಾತು ತೊದಲುತ್ತಿತ್ತು. ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದ ಹಾಗಿತ್ತು. "ಏನಲೇ, ಮಧ್ಯಾಹ್ನನ ಕುಡದೀ ಏನು?" ಎಂದು ರಾಯರು ನಕ್ಕಿದ್ದರು. "ಇಲ್ರಿ ಸಾಹೇಬ್ರ, ಬಾಯಿ ನೋವೈತ್ರಿ" ಎಂದು ಅವನು ಬೇಗ ಫೋನು ಇಟ್ಟಿದ್ದ.

ಬಾಯಿ ನೋವು. ರಾಯರು ನಕ್ಕಿದ್ದರು!

ಮರುದಿನ ಬೆಳಿಗ್ಗೆ ಸಿದ್ರಾಮನಿಗೆ ಫೋನು ಹಚ್ಚಿದರು. ಬಂದ್ ಆಗಿತ್ತು. ಮಧ್ಯಾಹ್ನವೂ ಬಂದ್, ಸಂಜೆಯೂ ಬಂದ್. ಹಿತ್ತಲಿಗೆ ಹೋಗಿ ಪೈಪು ತುಂಬಿದರು. ಇಂದೂಬಾಯಿ ಮದುವೆಯಾದ ವರ್ಷವೇ ಅದಕ್ಕೆ ಮನೆಯೊಳಗೆ ಜಾಗವಿಲ್ಲ ಎಂದಿದ್ದಳಾದ್ದರಿಂದ ಹಿತ್ತಲ ಕಟ್ಟೆಯೇ ಅವರ ಜಾಗ. ಹಚ್ಚುವುದೋ ಬೇಡವೋ ಎಂದು ಸ್ವಲ್ಪ ಹೊತ್ತು ಕೂತರು. ಹಚ್ಚಿದರು. ಮೊದಲ ಹೊಗೆ ಕೊಯ್ದ ಜಾಗಕ್ಕೆ ತಾಕಿದ್ದೇ ಕಣ್ಣಲ್ಲಿ ನೀರು ಬಂತು. ಆದರೂ ಇನ್ನೊಮ್ಮೆ ಎಳೆದರು. ತಮ್ಮ ಮೇಲೆ ತಮಗೇ ಅಸಹ್ಯವಾಗಿ ಬೂದಿ ಬಡಿದು ಎದ್ದರು.

ಮೂರನೆಯ ದಿನವೂ ಫೋನು ಹತ್ತಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ರಾಯರು ಧೋತರ ಉಟ್ಟು ಅಂಗಿ ತೊಟ್ಟು ಸಿಂದಗಿಯ ಬಸ್ಸು ಹತ್ತಿದರು. ಇಂದೂಬಾಯಿಗೆ, "ಸಿದ್ರಾಮನ್ನ ನೋಡಿ ಬರ್ತೀನಿ. ಭಾಳ ದಿನ ಆತು" ಎಂದರು.

"ಹಲ್ಲು ನೋವು ಇಟಗೊಂಡು ಈಗ್ಯಾಕ ಹೋಗ್ತೀರಿ?"

"ಸುಮ್ಮನ" ಎಂದರು ರಾಯರು.

ಕಿಟಕಿಯಾಚೆ ತೊಗರಿ ಹೊಲಗಳು ಹಿಂದೆ ಸರಿದವು, ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಕಟ್ಟಿದವು. ರಾಯರ ನಾಲಿಗೆ ಹುಣ್ಣಿನ ಜಾಗವನ್ನು ಹಲ್ಲಿಗೆ ತಾಕಿಸಿ ತಾಕಿಸಿ ನೋಡುತ್ತಿತ್ತು. ಬೇಡವೆಂದರೂ ಕೇಳುತ್ತಿರಲಿಲ್ಲ. ತನಗಾದರೆ ಡಾಕ್ಟರು ನಾಲ್ಕು ಓಣಿಯಾಚೆ ಇದ್ದಾರೆ. ಹೊಲದವನು, ಹುಣ್ಣಿಗೆ ಅರಿಶಿನ ಹಚ್ಚಿಕೊಂಡು ಕೂತಿರುವವನು, ಅವನ ಗತಿ? ಕೊಟ್ಟ ಕೈ ಯಾರದು? ತಿಂಗಳು ತಪ್ಪದೆ, ಹತ್ತು ವರ್ಷ, ಪ್ರೀತಿಯಿಂದ ಕಳಿಸಿದ ಕೈ?

ಸಿಂದಗಿಯಲ್ಲಿ ನಿಯಾಜ ಅಂಗಡಿಯಲ್ಲೇ ಇದ್ದ. ರಾಯರನ್ನು ಕಂಡು ಎದ್ದು ಸ್ಟೂಲು ಒರೆಸಿದ.

"ಆವೋ ಸಾಬ್, ಕೂಡ್ರಿ. ನೀವ್ಯಾಕ ಬಂದ್ರಿ? ಫೋನ್ ಮಾಡಿದ್ರ ಕಳಸ್ತಿದ್ನಲ್ರಿ."

"ಸಿದ್ರಾಮ ಬಂದಿದ್ನೇನು?"

ನಿಯಾಜ ಹಿಂದಿನ ಹಲಗೆಯ ಕಡೆ ಕೈ ತೋರಿಸಿದ. ಎರಡು ಹಳದಿ ಪುಡಿಕೆ ಧೂಳು ಹಿಡಿದು ಕೂತಿದ್ದವು. "ಎರಡು ತಿಂಗಳಾತ್ರಿ, ಅಂವ ಬಂದಿಲ್ಲ. ಅದರ ಹಿಂದಿನ ಸಲ ಬಂದಾಗ ಮಾರಿಗೆ ವಸ್ತ್ರ ಸುತಗೊಂಡಿದ್ದ. ಏನಾತೋ ಅಂದ್ರ ಬಾಯೇ ಬಿಡಲಿಲ್ಲ. ಗದ್ದ ಬಾತಿತ್ರಿ."

ರಾಯರು ಸ್ಟೂಲಿನ ಮೇಲೆ ಕೂರಲಿಲ್ಲ. ನಿಯಾಜ ಚಹಾ ಹೇಳುವಷ್ಟರಲ್ಲಿ ಇಂಡಿಯ ಬಸ್ಸಿಗೆ ನಡೆದುಬಿಟ್ಟಿದ್ದರು.

ಸಿದ್ರಾಮನ ಊರು ಇಂಡಿಗೆ ಸ್ವಲ್ಪ ಈಚೆಗೆ. ಬಸ್ಸು ಇಳಿದು ಫರ್ಲಾಂಗು ನಡೆಯಬೇಕು. ಆ ಮನೆಯ ಮುಂದೆ ರಾಯರು ಒಮ್ಮೆ ಬಂದಿದ್ದರು, ಅವನ ಮಗಳ ಮದುವೆಗೆ. ಆಗ ಹಂದರದ ಅಂಚಿನಲ್ಲಿ ಹತ್ತು ನಿಮಿಷ ನಿಂತು, ಕೈಗೆ ಕೊಟ್ಟ ಬಾಳೆಹಣ್ಣು ತೆಗೆದುಕೊಂಡು, ಅವಸರವಿದೆಯೆಂದು ಹೊರಟುಬಿಟ್ಟಿದ್ದರು. ಅವಸರವೇನೂ ಇರಲಿಲ್ಲ. ಸಿದ್ರಾಮನಿಗೂ ಅದು ಗೊತ್ತಿತ್ತು.

ಅವನ ಹೆಂಡತಿ ಶೆಟ್ಟೆವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಸೆರಗು ಸರಿಮಾಡಿಕೊಂಡು ಎದ್ದಳು.

"ಅಯ್ಯ, ಸಾಹೇಬ್ರ! ಬರ್ರಿ ಯಪ್ಪಾ, ಬರ್ರಿ. ಹೇಳಿ ಕಳಿಸಿದ್ರ ಆಗ್ತಿದ್ದಿಲ್ಲೇನ್ರಿ?"

"ಸಿದ್ರಾಮ ಎಲ್ಲಿ?"

"ಇಂಡಿ ದವಾಖಾನಿಗೆ ಹೋಗ್ಯಾರ್ರಿ. ಬಾಯಿದ್ದು ರಗಳಿ. ಮೂರು ತಿಂಗಳಾತ್ರಿ, ಬರೇ ಅಡ್ಡಾಡೋದ ಆಗೇತಿ. ಇವತ್ತ ಆಖ್ರಿ ಅಂದಾರ ಡಾಕ್ಟರು."

ಆಖ್ರಿ. ಕೊನೆಯದು. ರಾಯರು ಕಟ್ಟೆಯ ಮೇಲೆ ಕೂತರು. ಏನಾಗಿದೆ ಎಂದು ಕೇಳಿದರೆ ಆಕೆ ಹೇಳಿಬಿಟ್ಟಾಳೆಂದು ಹೆದರಿ ಅಂಗಳದ ಜೋಳವನ್ನು ನೋಡಿದರು. ಶೆಟ್ಟೆವ್ವ ತಂಬಿಗೆಯಲ್ಲಿ ನೀರು ತಂದಿಟ್ಟು, ಒಳಗೆ ಹೊರಗೆ ನೋಡಿ, "ಚಾ ಮಾಡ್ಲ್ಯಾ?" ಎಂದು ಅನುಮಾನಿಸುತ್ತ ಕೇಳಿದಳು. ರಾಯರು ತಲೆಯಾಡಿಸಿದರು. ಬೇಕೆಂದೋ ಬೇಡವೆಂದೋ ಅವರಿಗೇ ತಿಳಿಯದು. ಆಕೆ ಬೇಕೆಂದೇ ತಿಳಿದು ಒಳಗೆ ಹೋದಳು. ಚಹಾ ಬಂತು. ಕುಡಿದರು. ಆ ಮನೆಯ ಬಟ್ಟಲಲ್ಲಿ ಅದೇ ಮೊದಲು.

ಒಂದು ತಾಸಿನ ಮೇಲೆ ರಸ್ತೆಯ ತಿರುವಿನಲ್ಲಿ ಟಂಟಂ ರಿಕ್ಷಾ ನಿಂತಿತು. ಸಿದ್ರಾಮ ಇಳಿದ. ಬಿಳಿ ವಸ್ತ್ರದಿಂದ ಗದ್ದ, ಬಾಯಿ, ಕಿವಿಯೆಲ್ಲ ಸುತ್ತಿಕೊಂಡಿದ್ದ. ಮೊದಲಿಗಿಂತ ಬಡವಾಗಿದ್ದ. ಕಟ್ಟೆಯ ಮೇಲೆ ಕೂತವರನ್ನು ಕಂಡು ಒಂದು ಕ್ಷಣ ನಿಂತುಬಿಟ್ಟ. ಆಮೇಲೆ ಓಡುತ್ತಲೇ ಬಂದ.

"ಸಾಹೇಬ್ರ! ನೀವ ಬಂದ್ರೆ?" ವಸ್ತ್ರದೊಳಗಿಂದ ಮಾತು ಸಿಳ್ಳೆ ಹೊಡೆದ ಹಾಗೆ ಬಂತು.

"ತಗಿ ಅದನ್ನ" ಎಂದರು ರಾಯರು. "ನಂಗ ತೋರಸು. ಏನಾಗೇದ, ನಾ ನೋಡ್ತೀನಿ."

ಸಿದ್ರಾಮ ನಾಚಿಕೊಂಡ. ಹೆಂಡತಿಯ ಕಡೆ ನೋಡಿದ. ಮೆಲ್ಲಗೆ ವಸ್ತ್ರ ಬಿಚ್ಚಿ ಬಾಯಿ ತೆರೆದ. ಮೇಲೊಂದು ಸಾಲು, ಕೆಳಗೊಂದು ಸಾಲು, ಹಾಲಿನಂಥ ಬಿಳಿ ಹಲ್ಲುಗಳು ಸುಗ್ಗಿಯ ತೆನೆಯ ಹಾಗೆ ಒತ್ತಾಗಿ ನಿಂತಿದ್ದವು.

"ಇವತ್ತ ಕೂಡಿಸ್ಯಾರ್ರಿ. ಹಳೇವೆಲ್ಲಾ ಕೊಳತಿದ್ವು, ಒಂದೊಂದ ಒಂದೊಂದ ಕಿತ್ತಿದ್ರು. ಬಾಯಾಗ ಹಲ್ಲಿಲ್ಲದ ಮಂದಿ ಮುಂದ ಹ್ಯಾಂಗ ಹೋಗಬೇಕ್ರಿ? ಅದಕ್ಕ ಸಂತಿಗೂ ಹೋಗಲಿಲ್ಲ. ಫೋನೂ ಬಾವ್ಯಾಗ ಬಿತ್ತು."

"ನಾಲಿಗಿ ತೋರಸು."

"ಆಂ?"

"ನಾಲಿಗಿ ಹೊರಗ ಹಾಕಲೇ!"

ಸಿದ್ರಾಮ ಹೆದರಿ ನಾಲಿಗೆ ಚಾಚಿದ. ರಾಯರು ಅವನ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ ಎಡಕ್ಕೂ ಬಲಕ್ಕೂ ನೋಡಿದರು. ಕೆಂಪಗೆ, ಎಳೆಗರುವಿನ ನಾಲಿಗೆಯ ಹಾಗಿತ್ತು. ಬಿಳಿ ಕಲೆಯ ಸುಳಿವೂ ಇರಲಿಲ್ಲ. ಅವರು ಗದ್ದ ಬಿಟ್ಟು ಕಟ್ಟೆಯ ಮೇಲೆ ಕುಸಿದು ಕೂತರು.

"ಡಾಕ್ಟರಿಗೆ ತಂಬಾಕಿನ ಸುದ್ದಿ ಹೇಳೀಯೇನು? ಇವತ್ತಿನಿಂದ ಬಿಡು. ನಾ ಇನ್ನ ಕಳಸಂಗಿಲ್ಲ."

ಸಿದ್ರಾಮ ಕಾಲ ಹೆಬ್ಬೆರಳಿನಿಂದ ನೆಲ ಕೆರೆದ. ಶೆಟ್ಟೆವ್ವನೇ ಬಾಯಿಬಿಟ್ಟಳು. "ಹೇಳ್ರಿ ಇನ್ನ. ಎಷ್ಟ ದಿನ ಮುಚ್ಚಿಡ್ತೀರಿ?"

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ" ಎಂದು ಸಿದ್ರಾಮ ಶುರು ಮಾಡಿದ. "ನಾ ಬಿಟ್ಟು ಆರು ವರ್ಷ ಆತ್ರಿ. ಬುದ್ಧ ಪೂರ್ಣಿಮಾಕ್ಕ ಊರಾಗ ಭಂತೇಜಿ ಬಂದಿದ್ರು. ಎಲ್ಲಾರ ಜೋಡಿ ನಾನೂ ಪಂಚಶೀಲ ತಗೊಂಡೆ. ಐದನೇದ್ದು ನಶಾ ಮಾಡಂಗಿಲ್ಲ ಅನ್ನೂದ್ರಿ. ಅದರಾಗ ತಂಬಾಕ ಬರತೈತೇನ್ರಿ ಅಂತ ಕೇಳಿದೆ. ಅವರು ನಕ್ಕು, ನೀನ ಹೇಳಪ್ಪ, ಅಂದ್ರು. ಅವತ್ತ ಚಿಲುಮಿ ಒಡದ ಹಾಕಿದೆ."

"ಮತ್ತ ಮಾಲು ಮುಟ್ಟಿತ್ರಿ ಅಂತಿದ್ದೆಲ್ಲ, ತಿಂಗಳ ತಿಂಗಳ?"

"ಮುಟ್ಟತಿತ್ತಲ್ರಿ" ಎಂದ ಸಿದ್ರಾಮ. "ನೀರಾಗ ನೆನಸಿ, ಸೋಸಿ, ಬದನಿಗಿಡಕ್ಕ ಹೊಡೀತಿದ್ನಿರಿ. ಒಂದ ಹೇನು ಉಳೀತಿದ್ದಿಲ್ಲ. ನಮ್ಮ ಬದನಿಕಾಯಿ ಇಡೀ ಇಂಡಿ ಸಂತ್ಯಾಗ ಹೆಸರಾಗ್ಯಾವ."

ರಾಯರು ಹಣೆ ಬಡಿದುಕೊಂಡರು. "ಹೇಳಲಿಕ್ಕೇನಾಗಿತ್ತು ನಿಂಗ?"

"ಬ್ಯಾಡ ಅಂದ್ರ ನೀವು ಕಳಸೋದು ಬಿಡ್ತೀರಿ. ಪುಡಿಕಿ ಬರದಿದ್ರ ನಾ ಏನಂತ ಫೋನ್ ಮಾಡ್ಲಿರಿ ನಿಮಗ?"

ಬೆಳಗಿನಿಂದ, ಅಲ್ಲ, ನಾಲ್ಕು ದಿನದಿಂದ ರಾಯರು ಹೆದರಿದ್ದು ಇವನಿಗಾಗಿ ಎಂದುಕೊಂಡಿದ್ದರು. ಇವನನ್ನು ಕೆಡಿಸಿದ ಪಾಪ ತಮ್ಮ ತಲೆಗೆ ಸುತ್ತಿಕೊಂಡಿತೆಂದು ನಡುಗುತ್ತ ಬಂದಿದ್ದರು. ಆ ಭಾರ ಇಳಿದದ್ದೇ ಅದರ ಕೆಳಗೆ ಒತ್ತಿಕೊಂಡಿದ್ದ ಇನ್ನೊಂದು ಹೆದರಿಕೆ ತಲೆಯೆತ್ತಿತು. ಅದು ಪೂರ್ತಿ ತಮ್ಮದೇ ಆಗಿತ್ತು. ಅವರ ಬೆರಳು ತಾನಾಗಿ ಹೋಗಿ ನಾಲಿಗೆಯ ಬದಿಯನ್ನು ತಡವಿತು. ಸಿದ್ರಾಮ ನೋಡಿದ.

"ಸಾಹೇಬ್ರ, ನಿಮಗೇನಾಗೇತಿ?"

ರಾಯರು ಹೇಳಿದರು. ಬಿಳಿ ಕಲೆ, ಸೀಸೆಯಲ್ಲಿ ಹೋದ ತುಣುಕು, ಎಂಟು ದಿನ. ಇಂದೂಬಾಯಿಗೆ ಹೇಳಿಲ್ಲವೆಂಬುದನ್ನೂ ಹೇಳಿದರು. ಸಿದ್ರಾಮ ಪಕ್ಕದಲ್ಲಿ ಕೂತು ಕೇಳಿದ. "ಏನೂ ಆಗಂಗಿಲ್ಲ" ಎಂಬ ಮಾತನ್ನು ಅವನು ಆಡಲಿಲ್ಲ. "ಎಂದ ಹೋಗಬೇಕ್ರಿ?" ಎಂದು ಮಾತ್ರ ಕೇಳಿದ.

"ಶುಕ್ರವಾರ."

ಶೆಟ್ಟೆವ್ವ ಅಷ್ಟರಲ್ಲಿ ಜೋಳದ ನುಚ್ಚು ಕುದಿಸಿ ಮಜ್ಜಿಗೆ ಕಲಸಿ ತಂದಿದ್ದಳು. ಖಾರವಿಲ್ಲ, ಗಟ್ಟಿಯಿಲ್ಲ. ಒಂದು ಗಂಗಾಳ ಹೊಸ ಹಲ್ಲಿನವನಿಗೆ, ಒಂದು ಗಂಗಾಳ ಹುಣ್ಣಿನ ನಾಲಿಗೆಯವರಿಗೆ. ಇಬ್ಬರೂ ಪಡಸಾಲೆಯಲ್ಲಿ ಎದುರುಬದುರು ಕೂತು ಉಂಡರು.

ಉಳಿದ ದಿನಗಳು ಸುಲಭವಾಗಿರಲಿಲ್ಲ. ಊಟವಾದ ಮೇಲೆ ಕೈ ತಾನಾಗಿ ಅಂಗಿಯ ಜೇಬಿಗೆ ಹೋಗುತ್ತಿತ್ತು. ರಾಯರು ಪೈಪನ್ನೂ ಡಬ್ಬಿಯನ್ನೂ ಹಾಳೆಯಲ್ಲಿ ಸುತ್ತಿ ಅಟ್ಟದ ಮೇಲೆ ಎಸೆದರು. ಮರುದಿನ ಏಣಿ ಹಾಕಿ ಇಳಿಸಿದರು. ಮೂಸಿ ನೋಡಿದರು. ಒಂದು ಕಡ್ಡಿಯನ್ನೂ ಗೀರಿದರು. ಕಡ್ಡಿ ಬೆರಳ ತನಕ ಉರಿದು ಆರಿತು. ಡಬ್ಬಿಯಲ್ಲಿದ್ದದ್ದನ್ನು ಆವತ್ತೇ ಬಚ್ಚಲಿಗೆ ಸುರಿದು ನೀರು ಬಿಟ್ಟರು. ಇಂದೂಬಾಯಿ ಬಾಗಿಲಲ್ಲಿ ನಿಂತು ನೋಡಿದಳು.

ಶುಕ್ರವಾರ ಹತ್ತು ಗಂಟೆಗೆ ರಾಯರು ದವಾಖಾನೆ ಮುಟ್ಟಿದಾಗ ಸಿದ್ರಾಮ ಆಗಲೇ ಮೆಟ್ಟಿಲ ಮೇಲೆ ಕೂತಿದ್ದ. ಮೊದಲ ಬಸ್ಸಿಗೆ ಹೊರಟು ಎರಡು ಕಡೆ ಬಸ್ಸು ಬದಲಿಸಿ ಬಂದಿದ್ದ. ಒಳಗೆ ಕರೆದಾಗ ರಾಯರು ಅವನ ಹೆಗಲಿಗೆ ಕೈ ಹಾಕಿದರು. ಇಬ್ಬರೂ ಒಳಗೆ ಹೋದರು.

ಡಾಕ್ಟರು ಕಾಗದವನ್ನು ಎರಡು ಸಲ ಓದಿದರು. ಆ ಅರ್ಧ ನಿಮಿಷದಲ್ಲಿ ಗೋಡೆಯ ಮೇಲಿನ ಹಲ್ಲಿನ ಚಿತ್ರದ ಪ್ರತಿಯೊಂದು ಬೇರನ್ನೂ ರಾಯರು ಎಣಿಸಿದರು.

"ಕ್ಯಾನ್ಸರ್ ಅಲ್ಲ" ಎಂದರು ಮಂಜರಿ. ರಾಯರು ಉಸಿರು ಬಿಡುವಷ್ಟರಲ್ಲಿ ಬೆರಳೆತ್ತಿದರು. "ಆದ್ರ ಆ ದಾರಿ ಹಿಡಿದದ. ಮಾಂಸ ಬದಲಾಗ್ಲಿಕ್ಕೆ ಶುರುವಾಗೇದ. ಆ ಭಾಗ ಪೂರ್ತಿ ತಗಸಬೇಕು, ವಿಜಯಪುರದಾಗ. ಆಮ್ಯಾಲೆ ಮೂರು ತಿಂಗಳಿಗೊಮ್ಮೆ ಬಂದು ತೋರಿಸ್ಬೇಕು. ತಂಬಾಕು ಮುಟ್ಟಿದ್ರ ನಾ ಜವಾಬ್ದಾರಿ ಅಲ್ಲ."

ಆ ಸಂಜೆ ರಾಯರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಇಂದೂಬಾಯಿ ಅಳಲಿಲ್ಲ. ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೇ ಕೇಳಿ, ಕೊನೆಗೆ ಮೊರವನ್ನು ಸರಿಸಿದಳು.

"ಎಂಟು ದಿನ ಮೆತ್ತನ್ನ ಅನ್ನ ಮಾಡಿ ಹಾಕೀನಿ. ದೇವರಿಗೆ ಹಲ್ಲು ಗಟ್ಟಿ ಮಾಡು ಅಂತ ಬೇಡ್ಕೊಂಡೀನಿ, ಹಲ್ಲು! ಸಿದ್ರಾಮಗ ಹೇಳಬೇಕನ್ನಿಸ್ತು. ನಂಗ ಹೇಳಬೇಕನ್ನಿಸಲಿಲ್ಲ ಅಲ್ಲ?"

"ನೀ ಹೆದರ್ತಿದ್ದಿ ಅಂತ…"

"ಹೆದರ್ತಿದ್ದೆ. ಹೆದರಿಸಬೇಕಿತ್ತು. ಅದಕ್ಕಲ್ಲೇನು ನಾ ಇರೋದು?"

ಎರಡು ದಿನ ಆಕೆ ಅವರೊಡನೆ ಮಾತು ಬಿಟ್ಟಳು. ಮೂರನೆಯ ದಿನ ವಿಜಯಪುರಕ್ಕೆ ಹೋಗುವ ಚೀಲದಲ್ಲಿ ತನ್ನ ಎರಡು ಸೀರೆಯನ್ನೂ ಮಡಿಸಿಟ್ಟಳು. ಆಪರೇಷನ್ ಆಯಿತು. ನಾಲಿಗೆಯ ಒಂದು ಬದಿ ಸ್ವಲ್ಪ ಗಿಡ್ಡವಾಯಿತು, ಶ-ಸಗಳು ರಾಯರ ಬಾಯಲ್ಲಿ ಒಂದೇ ಆದವು. ಸಿದ್ರಾಮನಿಗೆ ಹೊಸ ಫೋನು ಬಂದಿತ್ತು. ಯಾವ ಪುಡಿಕೆಯೂ ಬರದಿದ್ದರೂ ಸೋಮವಾರಕ್ಕೊಮ್ಮೆ ತಪ್ಪದೆ ಮಾಡುತ್ತಿದ್ದ. ಒಬ್ಬ ಸಿಳ್ಳೆ ಹೊಡೆಯುತ್ತ, ಒಬ್ಬರು ತೊದಲುತ್ತ, ಏನು ಮಾತಾಡುತ್ತಾರೋ ಎಂದು ಇಂದೂಬಾಯಿಗೆ ಅಚ್ಚರಿ.

ಮೂರು ತಿಂಗಳಿಗೊಮ್ಮೆ ಹೆದರಿಕೆ ಮಾತ್ರ ಹೊಸದಾಗಿ ಬರುತ್ತಿತ್ತು. ತೋರಿಸುವ ದಿನ ಹತ್ತಿರವಾದಂತೆ ರಾಯರಿಗೆ ನಿದ್ದೆ ಕಡಿಮೆಯಾಗುತ್ತಿತ್ತು, ಕನ್ನಡಿಯ ಮುಂದೆ ನಿಲ್ಲುವುದು ಹೆಚ್ಚುತ್ತಿತ್ತು. ನಾಲ್ಕನೆಯ ಸಲ ಹೋದ ದಿನ ದವಾಖಾನೆಯ ಬೆಂಚಿನ ಮೇಲೆ ಅವರ ಒಂದು ಪಕ್ಕ ಇಂದೂಬಾಯಿ, ಇನ್ನೊಂದು ಪಕ್ಕ ಸಿದ್ರಾಮ. ಮಂಜರಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಈ ಸಲ ಸ್ವಚ್ಛ ಅದ" ಎಂದರು. "ಇನ್ನ ಮೂರು ತಿಂಗಳಿಗೆ ಬರ್ರಿ."

ಮೂವರೂ ಹೊರಗೆ ಬಂದರು. ಎದುರಿಗೆ ಕಬ್ಬಿನ ಹಾಲಿನವನು ಯಂತ್ರ ತಿರುಗಿಸುತ್ತಿದ್ದ.

"ಮೂರು ಗ್ಲಾಸು" ಎಂದಳು ಇಂದೂಬಾಯಿ. "ಬರ್ಫ ಬ್ಯಾಡ. ಇವರಿಬ್ಬರದೂ ಬಾಯಿ ನಾಜೂಕ ಅದ."